ಬೀರುವಿನ ಬೀಗದ ಕೈ

ಸೋಮವಾರಪೇಟೆ

ಪ್ರೀತಿಯ ಪುಟ್ಟಿಗೆ, ದೊಡ್ಡಮ್ಮನ ಆಶೀರ್ವಾದ.

ಮಡಿಕೇರಿಯ ಕಾಲೇಜು ಆಫೀಸಿನಲ್ಲಿ ನಿನಗೆ ಕೆಲಸ ಸಿಕ್ಕಿತು ಅಂತ ನಿನ್ನ ಅಮ್ಮ ಫೋನ್ ಮಾಡಿದಳು. ತುಂಬಾ ಖುಷಿಯಾಯಿತು. ಅಂಥದ್ದೇ ಕೌಂಟರಿನ ಹಿಂದೆ ನಾನು 31 ವರ್ಷ ಕೂತವಳು, ಅಲ್ವಾ? ಫೀಸು ರಸೀದಿ, ಟಿಸಿ, ಸ್ಕಾಲರ್‌ಶಿಪ್ ಅರ್ಜಿ, ಇವನ್ನೆಲ್ಲ ಅಲ್ಲಿಯವರು ಕಲಿಸಿಕೊಡುತ್ತಾರೆ. ನನಗೆ ಯಾರೂ ಕಲಿಸದೇ ಇದ್ದ ಒಂದು ವಿಷಯ ಇದೆ. ನಾನು ಅದನ್ನು ತಪ್ಪು ಮಾಡಿ ಕಲಿತೆ. ನಿನಗೆ ಹಾಗಾಗುವುದು ಬೇಡ.

ಕೆಲಸಕ್ಕೆ ಸೇರಿ ನಾಲ್ಕೈದು ವರ್ಷ ಆಗಿತ್ತು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ. ಸಾಯಂಕಾಲ ಆಫೀಸು ಮುಚ್ಚುವ ಹೊತ್ತಿಗೆ ಒಬ್ಬ ಗಂಡಸು ಕೊಡೆ ಮಡಚಿಕೊಂಡು ಬಂದ. ಕೊನೇ ವರ್ಷದ ಬಿ.ಎ. ಹುಡುಗಿಯೊಬ್ಬಳ ಹೆಸರು ಹೇಳಿದ. "ನಾನು ಅವಳ ಸೋದರಮಾವ. ಅಜ್ಜಿಗೆ ಜೋರಾಗಿದೆ, ಈಗಲೇ ಕರೆದುಕೊಂಡು ಹೋಗಬೇಕು. ಅವಳ ರೂಮು ಎಲ್ಲಿ ಅಂತ ಗೊತ್ತಿಲ್ಲ" ಅಂದ. ಬಟ್ಟೆಯೆಲ್ಲ ಒದ್ದೆ, ಮುಖದಲ್ಲಿ ಗಾಬರಿ. ಪಾಪ ಅನ್ನಿಸಿತು. ಅಡ್ಮಿಷನ್ ರಿಜಿಸ್ಟರ್ ತೆಗೆದು ವಿಳಾಸ ಓದಿದೆ. ಬಾಗಿಲವರೆಗೆ ಹೋಗಿ ದಾರಿಯನ್ನೂ ತೋರಿಸಿದೆ.

ಅವನು ಸೋದರಮಾವ ಆಗಿರಲಿಲ್ಲ. ಹುಡುಗಿಯ ಮನೆಯವರು ಬೇಡ ಅಂದ ಸಂಬಂಧ ಅದು. ಅವನ ಕಾಟ ತಪ್ಪಿಸಿಕೊಳ್ಳಲೆಂದೇ ಅವಳು ರೂಮು ಬದಲಾಯಿಸಿದ್ದಳು. ಹೊಸ ವಿಳಾಸ ಅವಳು ಕೊಟ್ಟಿದ್ದು ನಮ್ಮ ಆಫೀಸಿಗೆ ಮಾತ್ರ. ಆ ರಾತ್ರಿ ಅವನು ಆ ಮನೆಯ ಎದುರು ನಿಂತು ಬಾಯಿಗೆ ಬಂದ ಹಾಗೆ ಕೂಗಾಡಿದನಂತೆ. ಅಕ್ಕಪಕ್ಕದವರು ಬಂದದ್ದರಿಂದ ಅವಳ ಮೈಗೆ ಏನೂ ಆಗಲಿಲ್ಲ. ಆದರೆ ಎರಡು ವಾರದೊಳಗೆ ಅವಳ ಅಪ್ಪ ಟಿಸಿ ಕೇಳಿಕೊಂಡು ಬಂದರು. ಕಾಲೇಜು ಬಿಡಲು ಕಾರಣ ಅನ್ನುವ ಕಡೆ "ಸ್ವಂತ ಕಾರಣ" ಅಂತ ಬರೆದಿದ್ದರು. ಆ ಟಿಸಿ ಬರೆದದ್ದೂ ನಾನೇ. ಅವಳಿಗೆ ಇನ್ನು ಒಂದೇ ಪರೀಕ್ಷೆ ಬಾಕಿ ಇತ್ತು ಪುಟ್ಟಿ. ನನ್ನನ್ನು ಯಾರೂ ಬೈಯಲಿಲ್ಲ. ವಿಳಾಸ ಹೇಳುವುದು ತಪ್ಪು ಅಂತ ಆಗ ಯಾರಿಗೂ ಅನ್ನಿಸುತ್ತಿರಲಿಲ್ಲ.

ಹಾಗಾಗಿ ಮೊದಲ ಮಾತು. ಯಾರೇ ಬರಲಿ, ಎಷ್ಟೇ ಅವಸರ ಅನ್ನಲಿ, ವಿಳಾಸ, ಫೋನ್ ನಂಬರ್, ಯಾವ ಕ್ಲಾಸಿನಲ್ಲಿ ಕೂತಿದ್ದಾರೆ ಅನ್ನುವುದನ್ನು ಕೌಂಟರಿನಿಂದ ಆಚೆ ಹೇಳಬೇಡ. "ನಿಮ್ಮ ಹೆಸರು, ನಂಬರ್ ಬರೆದುಕೊಡಿ, ನಾವು ಅವರಿಗೆ ತಿಳಿಸುತ್ತೇವೆ" ಅನ್ನು. ನಿಜವಾದ ಸೋದರಮಾವ ಆದರೆ ಹತ್ತು ನಿಮಿಷ ಕಾಯುತ್ತಾನೆ. ಪೊಲೀಸರು ಕೇಳಿದರೂ ಬರವಣಿಗೆಯಲ್ಲಿ ಕೇಳಲಿ, ಪ್ರಾಂಶುಪಾಲರ ಮೂಲಕ ಹೋಗಲಿ.

ನಮ್ಮ ಕೊಡಗಿನಲ್ಲಿ ಇದು ಇನ್ನೂ ಕಷ್ಟ. ಶುಕ್ರವಾರದ ಸಂತೆಗೆ ಹೋದರೆ ಹತ್ತು ಜನ ಪರಿಚಯದವರು ಸಿಗುತ್ತಾರೆ. "ನೀನು ಕಾಲೇಜಿನಲ್ಲಿ ಇದ್ದೀಯಲ್ಲ, ಇಂಥವರ ಮಗ ಹೇಗೆ ಓದುತ್ತಿದ್ದಾನೆ? ಒಂದು ಸಂಬಂಧ ನೋಡುತ್ತಿದ್ದೇವೆ" ಅನ್ನುತ್ತಾರೆ. ಕೇಳುವವರು ಕೆಟ್ಟವರಲ್ಲ. ತೋಟದ ಮಾಲೀಕರು, ಕಾಲೇಜಿಗೆ ದುಡ್ಡು ಕೊಟ್ಟವರು, ನಮ್ಮ ನೆಂಟರೇ ಇರಬಹುದು. ಆ ಹುಡುಗ ಎಷ್ಟು ಸಬ್ಜೆಕ್ಟಿನಲ್ಲಿ ಫೇಲಾಗಿದ್ದಾನೆ, ಹಾಜರಾತಿ ಎಷ್ಟು ಅನ್ನುವುದು ನಿನಗೆ ಗೊತ್ತಿರುತ್ತದೆ. ಆದರೆ ಅದು ನಿನಗೆ ಗೊತ್ತಿರುವುದು ಆ ಕುರ್ಚಿಯಲ್ಲಿ ಕೂತದ್ದರಿಂದ ಮಾತ್ರ. ಅವರ ಮನೆಯವರನ್ನೇ ಕೇಳಿ ಅನ್ನು. ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಕಾಗದದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸ್ಕಾಲರ್‌ಶಿಪ್ ಪಟ್ಟಿಯನ್ನು ಹೆಸರು, ಜಾತಿ, ಆದಾಯ, ಆಧಾರ್, ಬ್ಯಾಂಕ್ ಖಾತೆ ಸಮೇತ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿಬಿಡುತ್ತಾರೆ. ನೀನು ಹಾಕಬೇಡ. ಅರ್ಜಿ ಸಂಖ್ಯೆ ಒಂದಿದ್ದರೆ ಸಾಕು, ಮಕ್ಕಳಿಗೆ ತಮ್ಮದು ಯಾವುದು ಅಂತ ಗೊತ್ತಾಗುತ್ತದೆ. ಆಧಾರ್ ಪ್ರತಿ ಬೇಕೇ ಬೇಕು ಅಂತ ಇಲ್ಲದ ಕಡೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ತೆಗೆದುಕೊ. ಒರಿಜಿನಲ್ ಮಾರ್ಕ್ಸ್ ಕಾರ್ಡನ್ನು ನೋಡಿ, ತಾಳೆ ಹಾಕಿ, ಆ ಕ್ಷಣವೇ ವಾಪಸ್ ಕೊಡು. ಒರಿಜಿನಲ್ ಇಟ್ಟುಕೊಳ್ಳಬಾರದು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ. ಹಾಳಾದ ಜೆರಾಕ್ಸನ್ನು ರದ್ದಿಗೆ ಹಾಕಬೇಡ. ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ನಾನು ಕಡಲೆಕಾಯಿ ತಿಂದು ಪೊಟ್ಟಣ ಬಿಡಿಸಿದರೆ ನಮ್ಮ ಕಾಲೇಜಿನದೇ ಅರ್ಜಿ! ಒಬ್ಬ ಹುಡುಗನ ಫೋಟೋ, ಅವನ ಅಪ್ಪನ ಆದಾಯ, ಎಲ್ಲ ಅದರಲ್ಲಿತ್ತು. ತುಂಬಾ ನಾಚಿಕೆಯಾಯಿತು.

ಈಗ ನಿನ್ನ ಬೆನ್ನಿಗೆ ಕಾನೂನೂ ಇದೆ. ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದರು. 2023ರಲ್ಲಿ ಡಿಜಿಟಲ್ ಮಾಹಿತಿ ಕಾಪಾಡುವ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಪೂರ್ತಿ ಜಾರಿಗೆ ಹದಿನೆಂಟು ತಿಂಗಳು ಕೊಟ್ಟಿದ್ದಾರೆ. ಯಾವ ಕೆಲಸಕ್ಕೆ ಅಂತ ಹೇಳಿ ಮಾಹಿತಿ ತೆಗೆದುಕೊಂಡೆವೋ ಅದಕ್ಕೇ ಬಳಸಬೇಕು ಅನ್ನುವುದು ಅದರ ತಿರುಳು. ನಿಮ್ಮಲ್ಲಿ ಪಿಯುಸಿ ಮಕ್ಕಳೂ ಇದ್ದರೆ ನೆನಪಿಡು, 18 ತುಂಬದವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು.

ಹಾಗಂತ ಎಲ್ಲಕ್ಕೂ ಬೀಗ ಹಾಕಿ ಕೂರು ಅಂತ ನಾನು ಹೇಳುತ್ತಿಲ್ಲ. 2018ರ ಆಗಸ್ಟ್ ನಿನಗೆ ನೆನಪಿದೆಯಲ್ಲ? ಮಕ್ಕಂದೂರು, ಜೋಡುಪಾಲ, ಹೆಬ್ಬಟ್ಟಗೇರಿ ಕಡೆ ಗುಡ್ಡಗಳೇ ಜಾರಿ ಬಂದವು. ಮಂಗಳೂರು ರಸ್ತೆ ಮುಚ್ಚಿತು. ನಾನು ಅದೇ ರಿಜಿಸ್ಟರನ್ನು ಎದುರಿಗೆ ಇಟ್ಟುಕೊಂಡು ಒಂದೊಂದೇ ನಂಬರಿಗೆ ಫೋನ್ ಮಾಡಿದೆ. ಯಾವ ಊರಿನ ಮಗು ಮನೆಗೆ ಹೋಗಿದೆ, ಯಾವುದು ಹಾಸ್ಟೆಲಿನಲ್ಲಿದೆ ಅಂತ ಗುರುತು ಹಾಕಿಕೊಂಡೆ. ಹುಡುಕಲು ಹೊರಟವರು ಕೇಳಿದಾಗ ಊರು, ಮನೆ, ಅಪ್ಪನ ಹೆಸರು ಎಲ್ಲ ಕೊಟ್ಟೆ. ಆಗ ತಡ ಮಾಡಿದ್ದರೆ ಅದು ತಪ್ಪಾಗುತ್ತಿತ್ತು. ಜೀವಕ್ಕೆ ಅಪಾಯ ಇದ್ದಾಗ, ವಿಪತ್ತಿನಲ್ಲಿ ನೆರವಾಗಲು ಮಾಹಿತಿ ಬಳಸುವುದಕ್ಕೆ 2023ರ ಕಾಯ್ದೆಯಲ್ಲೂ ದಾರಿ ಇಟ್ಟಿದ್ದಾರೆ. ಅವತ್ತು ನನಗೆ ಅಳು ಬಂದದ್ದು ಬೇರೆ ಕಾರಣಕ್ಕೆ. ಎಷ್ಟೋ ನಂಬರು ಹಳೆಯವು, ಸ್ವಿಚ್ ಆಫ್. ಅದಕ್ಕೇ ಮಳೆ ಹಿಡಿಯುವ ಮುಂಚೆ ಪ್ರತಿ ವರ್ಷ ಎಲ್ಲರ ನಂಬರು, ಮನೆಯ ಹತ್ತಿರದವರ ಇನ್ನೊಂದು ನಂಬರು ಹೊಸದಾಗಿ ಬರೆಸಿಕೊ.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಈ ರಿಜಿಸ್ಟರ್ ಇಡುವ ಬೀರುವಿನೊಳಗೇ ಕಾಲೇಜಿನ ಮಾನ ಉಳಿಸಲು ಕೆಲವು ಕಾಗದ ತಳ್ಳುತ್ತಾರೆ. ನಮ್ಮಲ್ಲಿ ಒಮ್ಮೆ ರ‍್ಯಾಗಿಂಗ್ ದೂರು ಬಂತು. "ಮಕ್ಕಳ ಖಾಸಗಿ ವಿಷಯ, ಹೊರಗೆ ಹೋಗಬಾರದು" ಅಂತ ಹೇಳಿ ಅದನ್ನು ಒಳಗೆ ಇಡಿಸಿದರು. ನನಗೂ ಹೌದಲ್ಲ ಅನ್ನಿಸಿತು. ಆಮೇಲೆ ಯೋಚಿಸಿದೆ. ಆ ಬೀಗದಿಂದ ರಕ್ಷಣೆ ಸಿಕ್ಕಿದ್ದು ಯಾರಿಗೆ? ಹೊಡೆಸಿಕೊಂಡ ಹುಡುಗನಿಗಂತೂ ಅಲ್ಲ.

ನಿನ್ನ ಅಣ್ಣ ಅಮೆರಿಕದಲ್ಲಿ ಓದುವಾಗ ಅಲ್ಲಿನ ರೀತಿ ಹೇಳಿದ್ದ. ಅಲ್ಲಿ 1974ರ ಕಾನೂನು ವಿದ್ಯಾರ್ಥಿಯ ದಾಖಲೆಯನ್ನು ಕಾಪಾಡುತ್ತದೆ. 18 ತುಂಬಿದರೆ ಅಥವಾ ಕಾಲೇಜು ಸೇರಿದರೆ ಆ ಹಕ್ಕು ಅಪ್ಪ ಅಮ್ಮನಿಂದ ಮಕ್ಕಳಿಗೇ ಬರುತ್ತದೆ. 1986ರಲ್ಲಿ ಲೀಹೈ ವಿಶ್ವವಿದ್ಯಾಲಯದಲ್ಲಿ ಜೀನ್ ಕ್ಲೆರಿ ಅನ್ನುವ ಹುಡುಗಿಯನ್ನು ಹಾಸ್ಟೆಲ್ ರೂಮಿನಲ್ಲೇ ಕೊಂದರು. ಅವಳ ಅಪ್ಪ ಅಮ್ಮ ಹೋರಾಡಿದರು. 1990ರಲ್ಲಿ ಇನ್ನೊಂದು ಕಾನೂನು ಬಂತು. ಕ್ಯಾಂಪಸ್ಸಿನಲ್ಲಿ ಮೂರು ವರ್ಷದಲ್ಲಿ ಎಷ್ಟು ಅಪರಾಧ ಆಗಿದೆ ಅಂತ ಅಲ್ಲಿನ ಕಾಲೇಜು ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಎಲ್ಲರಿಗೂ ಹೇಳಬೇಕು.

ನಮ್ಮ ಕಾನೂನೂ ಅದೇ ದಾರಿಯದು ಪುಟ್ಟಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ದೂರು ಕೊಟ್ಟವಳ ಹೆಸರನ್ನು, ದೂರಿನಲ್ಲಿ ಇರುವುದನ್ನು ಹೊರಗೆ ಬಿಡಬಾರದು ಅನ್ನುತ್ತದೆ. ಆದರೆ ವರ್ಷಕ್ಕೆ ಎಷ್ಟು ದೂರು ಬಂತು ಅನ್ನುವ ಲೆಕ್ಕವನ್ನು ಕೊಡಲೇಬೇಕು ಅನ್ನುತ್ತದೆ. ಆಂತರಿಕ ದೂರು ಸಮಿತಿ 90 ದಿನದಲ್ಲಿ ವಿಚಾರಣೆ ಮುಗಿಸಬೇಕು. ರ‍್ಯಾಗಿಂಗ್ ಅಪರಾಧ ನಡೆದದ್ದು ತಿಳಿದ 24 ಗಂಟೆಯೊಳಗೆ ಎಫ್‌ಐಆರ್ ಆಗಬೇಕು ಅಂತ ಯುಜಿಸಿಯ 2009ರ ನಿಯಮ ಇದೆ. ಯಾವುದಾದರೂ ಮಗು ದೂರು ತಂದರೆ ಇನ್‌ವರ್ಡ್ ರಿಜಿಸ್ಟರಿನಲ್ಲಿ ದಿನಾಂಕ ಹಾಕಿ, ನಂಬರ್ ಕೊಟ್ಟು, ಸೀಲು ಒತ್ತಿದ ಪ್ರತಿಯನ್ನು ಆ ಮಗುವಿನ ಕೈಗೇ ಕೊಡು. ರಿಜಿಸ್ಟರಿನಲ್ಲಿ ಹೆಸರು ಬೇಡ, "ಮುಚ್ಚಿದ ಲಕೋಟೆ" ಅಂತ ಬರೆದರೆ ಸಾಕು. ನಂಬರು ಬಿದ್ದ ಕಾಗದ ಸುಮ್ನೆ ಕಳೆದುಹೋಗುವುದಿಲ್ಲ. 112 ಮತ್ತು ರ‍್ಯಾಗಿಂಗ್ ಸಹಾಯವಾಣಿ 1800-180-5522, ಎರಡನ್ನೂ ಕೌಂಟರಿನ ಹೊರಗೆ ದಪ್ಪ ಅಕ್ಷರದಲ್ಲಿ ಅಂಟಿಸು.

ಸೇರಿದ ದಿನವೇ ಬೀರುವಿನ ಎರಡನೇ ಬೀಗದ ಕೈ ಯಾರ ಹತ್ತಿರ ಇದೆ, ಕಂಪ್ಯೂಟರಿನ ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತು ಅಂತ ಕೇಳಿ ತಿಳಿದುಕೊ. ಎಲ್ಲರಿಗೂ ಗೊತ್ತು ಅಂದರೆ ಅವತ್ತೇ ಬದಲಾಯಿಸಲು ಹೇಳು. ಹೊಸಬಳು ಜಾಸ್ತಿ ಮಾತಾಡುತ್ತಾಳೆ ಅಂದುಕೊಂಡರೂ ಪರವಾಗಿಲ್ಲ. ಏನು ಹೇಳಿದರು ಅಂತ ನನಗೆ ಕಾಗದ ಬರಿ. ಉಣ್ಣೆ ಶಾಲು ಅಮ್ಮನ ಹತ್ತಿರ ಕೊಟ್ಟು ಕಳಿಸಿದ್ದೇನೆ. ಆಫೀಸಿನಲ್ಲಿ ಕಿಟಕಿ ಪಕ್ಕ ಕೂತರೆ ತುಂಬಾ ಚಳಿ.

ಇಂತಿ,
ನಿನ್ನ ದೊಡ್ಡಮ್ಮ