ಪಂಪ್‌ಶೆಡ್‌ಗೆ ಹಳೇ ಮೊಬೈಲ್ ಕಾವಲು

ಮಾನ್ಯರೇ,

ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಕೊಡಗಿನ ಕಾಫಿ ತೋಟಗಳಿಗೆ ಫೆಬ್ರವರಿ–ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕಲೇಬೇಕು. ಕರೆಂಟ್ ಬಂತೇ ಎಂದು ನೋಡಲು ಆನೆ ಓಡಾಡುವ ದಾರಿಯಲ್ಲಿ ರಾತ್ರಿ ಪದೇ ಪದೇ ಕೆರೆಯ ತನಕ ಹೋಗುವುದು ಬೇಡ. ಹಳೇ ಆಂಡ್ರಾಯ್ಡ್ ಫೋನನ್ನು ಪಂಪ್‌ಶೆಡ್‌ನಲ್ಲಿ ಚಾರ್ಜರ್‌ಗೆ ಸಿಕ್ಕಿಸಿಡಿ. ಫೋನಿನ ಕೆಲಸಗಳನ್ನು ತಾನಾಗಿಯೇ ಮಾಡಿಸುವ ಮ್ಯಾಕ್ರೋಡ್ರಾಯ್ಡ್ ಆ್ಯಪ್‌ನಲ್ಲಿ ಹೀಗೆ ಹೊಂದಿಸಿ: ಚಾರ್ಜಿಂಗ್ ಶುರುವಾದ ಮೇಲೆ 2 ನಿಮಿಷ ಕಾದು, ಆಗಲೂ ಚಾರ್ಜ್ ಆಗುತ್ತಿದ್ದರೆ ಮಾತ್ರ ಮನೆಗೆ ಎಸ್ಸೆಮ್ಮೆಸ್. ಕಾಯಿಸದಿದ್ದರೆ ಕರೆಂಟ್ ಕಣ್ಣುಮುಚ್ಚಾಲೆ ಆಡಿದಾಗಲೆಲ್ಲ ಸಂದೇಶ ಬರುತ್ತದೆ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ್ಯಪ್‌ಗೆ ‘ಅನ್‌ರಿಸ್ಟ್ರಿಕ್ಟೆಡ್’ ಕೊಡಿ. ಇಲ್ಲವಾದರೆ ಫೋನೇ ಅದನ್ನು ಮಲಗಿಸಿಬಿಡುತ್ತದೆ.

ಒಂದು ಮಾತು ಮರೆಯಬೇಡಿ. ಮೋಟಾರ್‌ಗೆ ಬೇಕಾದ ಮೂರು ಫೇಸ್‌ಗಳಲ್ಲಿ (ಕರೆಂಟ್ ಲೈನ್‌ಗಳಲ್ಲಿ) ಚಾರ್ಜರ್‌ಗೆ ಗೊತ್ತಾಗುವುದು ಒಂದು ಮಾತ್ರ. ಉಳಿದೆರಡರಲ್ಲಿ ಒಂದು ಹೋಗಿದ್ದರೂ ಎಸ್ಸೆಮ್ಮೆಸ್ ಬರುತ್ತದೆ, ಮೋಟಾರ್ ಹಾಕಿದರೆ ಸುಡುತ್ತದೆ. ಸ್ಟಾರ್ಟರ್‌ಗೆ ಸಿಂಗಲ್ ಫೇಸ್ ಪ್ರಿವೆಂಟರ್ (ಒಂದು ಫೇಸ್ ಹೋದರೂ ಮೋಟಾರ್ ಓಡಲು ಬಿಡದ ಸಾಧನ) ಕೂರಿಸಿಯೇ ಇದನ್ನು ನಂಬಿ.

– ಕಾಫಿ ಬೆಳೆಗಾರರು, ಗೋಣಿಕೊಪ್ಪ