ಹಾಲಿನ ಪ್ಯಾಕೆಟ್ ಒಣಗಿಸುವ ಅಜ್ಜಿ

ಪೆರ್ಲ, ಕಾಸರಗೋಡು

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನಕ್ಕುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಮಗನ ಶಾಲೆಯ ‘ಕಸದಿಂದ ರಸ’ ಪ್ರಾಜೆಕ್ಟಿಗೆಂದು ನಾಲ್ಕು ಹೊಸ ನೀರಿನ ಬಾಟಲಿ ತಂದು, ನೀರು ಗಿಡಕ್ಕೆ ಸುರಿದು, ಬಾಟಲಿ ಕತ್ತರಿಸಿದೆಯಂತೆ! ಶಾಲೆಯವರು ಕೇಳಿದ್ದು ಕಸ. ಮನೆಯಲ್ಲಿ ಇಲ್ಲದಿದ್ದರೆ ‘ಇಲ್ಲ’ ಅಂತ ಬರೆದು ಕಳಿಸಬಹುದಿತ್ತು ಅಲ್ವಾ?

‘ಪರಿಸರದ ಬಗ್ಗೆ ಅವನಿಗೆ ಏನು ಹೇಳಿಕೊಡಲಿ ಅಮ್ಮ’ ಅಂತ ಕೇಳಿದೆ. ನಿನಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ. ಐದು ವರ್ಷದವಳಿದ್ದಾಗ ಅಜ್ಜನ ಮುಟ್ಟಾಳೆ, ಆ ಅಡಿಕೆ ಹಾಳೆಯ ಟೊಪ್ಪಿ, ತಲೆಗಿಟ್ಟುಕೊಂಡು ಅವರ ಹಿಂದೆ ಸುರಂಗದ ಬಾಯಿಯ ತನಕ ಹೋಗುತ್ತಿದ್ದೆ. ನೀರಿಗಾಗಿ ಗುಡ್ಡದ ಮುರಕಲ್ಲು ಕೊರೆದು ಅಡ್ಡಕ್ಕೆ ತೋಡಿದ ದಾರಿ. ಪಂಪು ಬೇಡ, ಕರೆಂಟು ಬೇಡ. ಒಳಗೆ ಜಿನುಗಿದ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಟಾಂಕಿಗೆ ಬೀಳುತ್ತಿತ್ತು. ಮಳೆಗಾಲದಲ್ಲಿ ಬೇಡವೆಂದರೂ ನೀರು. ಏಪ್ರಿಲ್ ಬಂತೆಂದರೆ ಧಾರೆ ನೂಲಿನಷ್ಟು. ಒಂದು ಕೊಡ ತುಂಬುವ ತನಕ ನೀನು ಕಾದು ಕೂರುತ್ತಿದ್ದೆ. ಆಮೇಲೆ ನಿನಗೆ ಯಾರೂ ‘ನಳ್ಳಿ ನಿಲ್ಲಿಸು’ ಅನ್ನಬೇಕಾಗಲಿಲ್ಲ.

ಇನ್ನೊಂದು ನೆನಪೂ ಇದೆ, ಅದು ಚಂದದ್ದಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸಿಂಪಡಿಸುತ್ತಿದ್ದ ಕಾಲ. ಬಾವಿ ಮುಚ್ಚಿಡಿ ಅನ್ನುತ್ತಿದ್ದರು. ಬಾವಿ ಸರಿ, ಹರಿಯುವ ತೋಡನ್ನು ಯಾವುದರಿಂದ ಮುಚ್ಚುವುದು? 2000ದ ಹೊತ್ತಿಗೆ ಅದು ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೇ ನಿಷೇಧ ಹಾಕಿತು. ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಕೊಳ್ಳುವ ಅಮ್ಮಂದಿರು ನಮ್ಮ ಕಡೆ ಈಗಲೂ ಇದ್ದಾರೆ. ಇದನ್ನು ಮೊಮ್ಮಗನಿಗೆ ಈಗಲೇ ಹೇಳಬೇಡ, ಸ್ವಲ್ಪ ದೊಡ್ಡವನಾಗಲಿ.

ರಜೆಯಲ್ಲಿ ಬಂದಿದ್ದಾಗ ಬಟ್ಟೆಯ ಹಗ್ಗದಲ್ಲಿ ಹಾಲಿನ ಪ್ಯಾಕೆಟ್ ಒಣಗುವುದನ್ನು ನೋಡಿ ‘ಅಜ್ಜಿಗೆ ತಲೆ ಸರಿ ಇಲ್ಲ’ ಅಂತ ನಕ್ಕಿದ್ದ. ತೊಳೆದು ಒಣಗಿಸಿದ್ದನ್ನೇ ಕೊಡಬೇಕು ಅಂತ ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯ ಹೆಂಗಸರು ಚೀಲ ಬಿಚ್ಚಿ ನೋಡಿದಾಗ ಸುಮ್ಮನಾದ. ಮರುದಿನ ಬಿಸ್ಕೆಟಿನ ಕವರನ್ನು ಅವನೇ ತೊಳೆದು ಕ್ಲಿಪ್ ಹಾಕಿದ! ನಿಮ್ಮ ಫ್ಲ್ಯಾಟಿನಲ್ಲಿ ಡಬ್ಬಿ ಬಾಗಿಲಾಚೆ ಇಟ್ಟರೆ ಮುಗಿಯಿತು. ಆಮೇಲೆ ಅದು ಎಲ್ಲಿಗೆ ಹೋಗುತ್ತದೆಂದು ಅವನಿಗೆ ಕಾಣುವುದೇ ಇಲ್ಲ. ಒಂದು ದಿನ ಕಸದ ಗಾಡಿಯ ತನಕ ಕರೆದುಕೊಂಡು ಹೋಗು. ಡಬ್ಬಿ ಅವನೇ ಹಿಡಿದುಕೊಳ್ಳಲಿ, ವಾಸನೆ ಬಂದರೆ ಬರಲಿ.

ಹುಟ್ಟುಹಬ್ಬಕ್ಕೆ ಮೂವತ್ತು ಅಡಿಕೆ ಹಾಳೆಯ ತಟ್ಟೆ ಕಳಿಸುತ್ತಿದ್ದೇನೆ. ಪೇಪರ್ ತಟ್ಟೆ ಅಂತ ಮಾರುವುದರಲ್ಲಿ ಎಷ್ಟೋ ಸಲ ಮೇಲೊಂದು ತೆಳು ಪ್ಲಾಸ್ಟಿಕ್ ಇರುತ್ತದೆ, ಅದನ್ನು ಜಾಸ್ತಿ ನಂಬಬೇಡ.

ಮೇ ತಿಂಗಳಲ್ಲಿ ಬರುವಾಗ ಅವನ ಹಳೇ ಚಡ್ಡಿ ಎರಡು ತಾ. ಸುರಂಗದ ಕೆಂಪು ಮಣ್ಣು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ನಿನ್ನ ಹಳದಿ ಲಂಗ ನೆನಪಿದೆಯಾ? ನೆಲ ಒರೆಸುವ ಬಟ್ಟೆಯಾಗಿ ಹರಿದು ಚಿಂದಿಯಾಯಿತು, ಕಲೆ ಮಾತ್ರ ಹಾಗೇ ಇತ್ತು.

ನಿನ್ನ ಅಮ್ಮ