ಹಿತ್ತಲಿಗೊಂದು ಕಲ್ಲಿನ ಅಂಗಳ

ಬಂಧುಗಳೇ,

"ಅಜ್ಜಿ ಬಂದ್ರೆ ರಂಗೋಲಿ ಎಲ್ಲಿ ಹಾಕ್ತಾರೆ, ಹುಲ್ಲಿನ ಮೇಲಾ?" ಯುಗಾದಿಯ ದಿನ ಮಗಳು ಹೀಗೆ ಕೇಳಿದಳು. ದಾವಣಗೆರೆಯಿಂದ ಅತ್ತೆಯವರು ಗೌರಿ ಹಬ್ಬದ ಹೊತ್ತಿಗೆ ಬರುವವರಿದ್ದರು. ಇಂಗ್ಲೆಂಡಿನ ನಮ್ಮ ಮನೆಗಳ ಮುಂಬಾಗಿಲು ಕಾರು ನಿಲ್ಲಿಸುವ ಜಾಗಕ್ಕೆ ತೆರೆದುಕೊಳ್ಳುತ್ತದೆ, ಹಿಂಬಾಗಿಲು ಒದ್ದೆ ಹುಲ್ಲಿಗೆ. ಹಾಗಾಗಿ ಈ ಬೇಸಿಗೆಯಲ್ಲಿ ಹಿತ್ತಲಿಗೆ ನಾವೇ ಕಲ್ಲು ಹಾಸಿದೆವು. ನಾನಾಗಲಿ ನಮ್ಮ ಮನೆಯವರಾಗಲಿ ಅದುವರೆಗೆ ಕರಣೆ ಹಿಡಿದವರಲ್ಲ.

ಆದರೆ ಆ ಕೆಲಸವನ್ನು ನಾನು ಕಣ್ಣಾರೆ ಕಂಡಿದ್ದೆ. ನನ್ನ ತವರು ಚಿತ್ರದುರ್ಗ, ಕೋಟೆಯ ಬುಡದ ಹಳೇ ಪೇಟೆ. ಚಿಕ್ಕಮ್ಮನ ಮದುವೆಗೆ ಮುಂಚೆ ಅಜ್ಜಿ ಮನೆಯ ಮಣ್ಣಿನ ಅಂಗಳಕ್ಕೆ ಚಪ್ಪಡಿ ಹಾಕಿಸಿದರು. ಬೇಸಿಗೆ ರಜೆ, ನಾವು ಮಕ್ಕಳೆಲ್ಲ ಜಗುಲಿಯ ಮೇಲೆ ಸಾಲಾಗಿ ಕೂತು ನೋಡುತ್ತಿದ್ದೆವು. ಮೇಸ್ತ್ರಿ ಮೊದಲ ದಿನ ಒಂದು ಕಲ್ಲನ್ನೂ ಮುಟ್ಟಲಿಲ್ಲ. ಹೊಸ್ತಿಲಿಂದ ಬೀದಿಯ ಮೋರಿಯವರೆಗೆ ದಾರ ಕಟ್ಟಿ, ವಾಟ (ನೀರು ಹರಿಯುವಷ್ಟು ಇಳಿಜಾರು) ಹಿಡಿದು, ಜಲ್ಲಿ ಸುರಿದು, ಆಳುಗಳಿಂದ ದಿಮ್ಮಸಿನಲ್ಲಿ ಬಡಿಸಿ ಗಟ್ಟಿ ಮಾಡಿಸಿದರು. ಸಂಜೆವರೆಗೂ ಧಪ್ ಧಪ್ ಸದ್ದು. ಮರುದಿನ ಒಂದೊಂದು ಚಪ್ಪಡಿ ಕೂರಿಸಿದ ಮೇಲೂ ಕರಣೆಯ ಹಿಡಿಯಿಂದ ನಾಲ್ಕೂ ಮೂಲೆ, ನಡುಮಧ್ಯ ತಟ್ಟಿ ಕಿವಿಗೊಡುತ್ತಿದ್ದರು. ಎಲ್ಲಾದರೂ ಟೊಳ್ಳು ಸದ್ದು ಬಂತೋ, ಕಲ್ಲನ್ನು ಎತ್ತಿ, ಗಾರೆ ತುಂಬಿ, ಮತ್ತೆ ಕೂರಿಸುವುದು. "ಹೊಸ್ತಿಲ ಕಡೆ ಒಂದು ಹನಿ ನೀರು ತಿರುಗಬಾರದು ನೋಡಪ್ಪಾ" ಎಂದು ಅಜ್ಜಿ ಅಂದರೆ, "ಗಾರೆ ಬಿಗೀಲಿ ಅಮ್ಮಾರೆ, ನೀವೇ ಒಂದು ಕೊಡ ನೀರು ಸುರಿದು ನೋಡ್ರಿ" ಅನ್ನುತ್ತಿದ್ದರು. ಅಜ್ಜಿ ಸುರಿದೇ ನೋಡಿದರು. ನೀರು ಎಲ್ಲೂ ನಿಲ್ಲದೆ ಮೋರಿ ಸೇರಿತು.

ನೀರಿಗೆ ದಾರಿ ಮಾಡಿಕೊಡುವುದು ದುರ್ಗದವರಿಗೆ ಹೊಸದಲ್ಲ. ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ ಮಿಕ್ಕ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಪೇಟೆಯ ಹೊಂಡಗಳಿಗೆ ಇಳಿಯುವ ಏರ್ಪಾಡನ್ನು ಪಾಳೆಯಗಾರರ ಕಾಲದಲ್ಲೇ ಮಾಡಿದ್ದರು. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ಅವರು ನೀರು ಉಳಿಸಿಕೊಳ್ಳಲು ವಾಟ ಹಿಡಿದರು. ಮಳೆಯ ದೇಶಕ್ಕೆ ಬಂದ ನಾವು ನೀರು ಕಳಿಸಲು ಹಿಡಿಯಬೇಕು.

ನಮ್ಮ ಕನ್ನಡ ಸಂಘದ ಹಲವರು "ಹೇಗೆ ಮಾಡಿದಿರಿ?" ಎಂದು ಕೇಳುತ್ತಿರುವುದರಿಂದ ಇಲ್ಲೇ ಬರೆದುಬಿಡುತ್ತೇನೆ. ಇಲ್ಲಿನ ಗೋಡೆಗಳಲ್ಲಿ ತೇವ ಮೇಲೇರದಂತೆ ಒಂದು ಪದರ ಇಟ್ಟಿರುತ್ತಾರೆ. ಕಲ್ಲಿನ ಮಟ್ಟ ಅದಕ್ಕಿಂತ 15 ಸೆಂ.ಮೀ. ಕೆಳಗಿರಲಿ. ಅಲ್ಲಿಂದ ಕೆಳಕ್ಕೆ ಜಲ್ಲಿಗೆ 10, ಗಾರೆಗೆ 4, ಕಲ್ಲಿಗೆ 2 ಚಿಲ್ಲರೆ ಸೆಂ.ಮೀ. ಲೆಕ್ಕ ಹಿಡಿದು ಅಗೆಯಿರಿ. ಮನೆಯಿಂದ ಆಚೆಗೆ 60ಕ್ಕೆ 1ರಂತೆ ವಾಟ, ಅಂದರೆ 3 ಮೀಟರಿಗೆ 5 ಸೆಂ.ಮೀ. ಇಳಿಜಾರು. ದಿಮ್ಮಸಿನ ಬದಲು ಅದುರುವ ಯಂತ್ರ ದಿನದ ಬಾಡಿಗೆಗೆ ಸಿಗುತ್ತದೆ. ಜಲ್ಲಿಯನ್ನು ಒಮ್ಮೆಲೇ ಸುರಿಯದೆ ಎರಡು ಪದರ ಮಾಡಿ ಬಡಿಯಿರಿ. ಗಾರೆ ನಾಲ್ಕು ಪಾಲು ಮರಳಿಗೆ ಒಂದು ಪಾಲು ಸಿಮೆಂಟ್, ಮುದ್ದೆಯಷ್ಟು ಗಟ್ಟಿ. ಅಲ್ಲೊಂದು ಇಲ್ಲೊಂದು ಉಂಡೆ ಇಟ್ಟು ಅದರ ಮೇಲೆ ಕಲ್ಲು ಕೂರಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಅಡಿಯಲ್ಲಿ ಉಳಿದ ಪೊಳ್ಳಿನಲ್ಲಿ ನೀರು ನಿಂತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಕಲ್ಲನ್ನೇ ಎಬ್ಬಿಸುತ್ತದೆ. ಇಡೀ ಕಲ್ಲಿನಡಿ ಗಾರೆ ಹರಡಿ, ರಬ್ಬರ್ ಸುತ್ತಿಗೆಯಿಂದ ಬಡಿದು, ರಸಮಟ್ಟ (ಸ್ಪಿರಿಟ್ ಲೆವೆಲ್) ಇಟ್ಟು ನೋಡಿ. ಕನಿಷ್ಠ ಒಂದು ದಿನ ಯಾರೂ ತುಳಿಯಬಾರದು.

ಕಲ್ಲು ರಾಜಸ್ಥಾನದ ಮರಳುಗಲ್ಲು. ಇಲ್ಲಿ ಸುಲಭವಾಗಿ ಸಿಗುತ್ತದೆ. ಹೊರುವುದಕ್ಕೆ ಮಾತ್ರ ಇಬ್ಬರಿಂದ ಆಗುವ ಮಾತಲ್ಲ. ಸಂಘದ ಗೆಳೆಯರು ಶನಿವಾರ ಬೆಳಿಗ್ಗೆಯೇ ಬೂಟು ಹಾಕಿಕೊಂಡು ಬಂದು, ತಳ್ಳುಗಾಡಿ ಹಿಡಿದು, ಮಧ್ಯಾಹ್ನ ಮಂಡಕ್ಕಿ-ಮಿರ್ಚಿ ತಿಂದು, ಕತ್ತಲಾಗುವವರೆಗೆ ದುಡಿದರು. ಅವರ ಋಣ ದೊಡ್ಡದು. ಅತ್ತೆಯವರು ಬಂದ ಮರುದಿನವೇ ಬರಿಗಾಲಲ್ಲಿ ಇಡೀ ಅಂಗಳ ಓಡಾಡಿ, "ಎಲ್ಲೂ ಕಾಲಿಗೆ ಎಡವಲ್ಲ ಕಣಮ್ಮಾ" ಎಂದರು.

ನಾಳೆ ಬೆಳಿಗ್ಗೆ ಪುಟಗಳು ಅಚ್ಚಿಗೆ ಹೋಗಬೇಕು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಗಣೇಶನ ಪೂಜೆ ಮುಂದಿನ ಭಾನುವಾರ ಎಂದಿನ ಸಭಾಂಗಣದಲ್ಲಿ. ಕಡುಬು, ಕೋಸಂಬರಿ ತರುವವರು ಪಟ್ಟಿಯಲ್ಲಿ ಹೆಸರು ಬರೆಸಿ. ಕನ್ನಡ ತರಗತಿ ಶಾಲೆಗಳು ತೆರೆದ ವಾರವೇ ಶುರು. ಚಿಕ್ಕ ಮಕ್ಕಳ ಗುಂಪಿಗೆ ಇನ್ನೂ ಶಿಕ್ಷಕರು ಸಿಕ್ಕಿಲ್ಲ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಮಕ್ಕಳು ಓಬವ್ವನ ಕಿರುನಾಟಕ ಆಡುತ್ತಾರೆ. ಯಾರ ಮನೆಯಲ್ಲಾದರೂ ನಿಜವಾದ ಒನಕೆ ಇದ್ದರೆ ಒಂದು ದಿನದ ಮಟ್ಟಿಗೆ ಕೊಡಿ.

ಇನ್ನೊಂದು ಮಾತು. ಈ ಪತ್ರಿಕೆಯ ಲೇಖನ ಕೇಳುವುದು, ತಿದ್ದುವುದು, ಪುಟ ಕಟ್ಟುವುದು, ಅಂಚೆಗೆ ಹಾಕುವುದು ಎಲ್ಲ ಒಬ್ಬಳ ಮೇಲೇ ಬಿದ್ದಿದೆ. ಕೆಲಸ ಮುಗಿಸಿ, ಮಕ್ಕಳನ್ನು ಮಲಗಿಸಿ, ಹನ್ನೊಂದರ ಮೇಲೆ ಕೂತು ಮಾಡುವುದು ಕಷ್ಟವಾಗುತ್ತಿದೆ. ರಾಜ್ಯೋತ್ಸವದ ಸಂಚಿಕೆಗೆ ಇಬ್ಬರು ಜೊತೆಯಾದರೆ ಸಾಕು. ಪುಟ ಕಟ್ಟುವುದನ್ನು ಒಂದು ಸಂಜೆಯಲ್ಲಿ ಕಲಿಸಿಕೊಡುತ್ತೇನೆ. ಭಾನುವಾರ ಪೂಜೆಗೆ ಬಂದಾಗ ನನ್ನನ್ನು ಹಿಡಿದು ಹೇಳಿ.

– ಸಂಪಾದಕಿ